ಮೂಗುರಾಯರು ಕೆನ್ನೆಗೆ ಹಚ್ಚಿಕೊಂಡದ್ದು

ಈ ದಿನ ಬೆಳಗ್ಗೆ ಗಡ್ಡ ಹೆರೆದುಕೊಂಡ ಮೇಲೆ, ಮಹನೀಯರೇ, ನೀವು ಕೆನ್ನೆಗೆ ಏನನ್ನು ಹಚ್ಚಿಕೊಂಡಿರಿ? ಪುಟ ತಿರುಗಿಸಿ ಪಾರಾಗಲು ನೋಡಬೇಡಿ, ಉತ್ತರ ಹೇಳಿ. ಏನೂ ಇಲ್ಲವೆಂದಿರಾ? ಹಾಗಾದರೆ ಬಚ್ಚಲುಮನೆಯ ಕನ್ನಡಿಯ ಹಿಂದೆ, ಹಲ್ಲುಜ್ಜುವ ಬ್ರಷ್ಷುಗಳ ಮರೆಯಲ್ಲಿ, ಕಳ್ಳನಂತೆ ಉಸಿರು ಬಿಗಿಹಿಡಿದು ನಿಂತಿರುವ ಆ ನೀಲಿ ಬಾಟಲಿ ಯಾರದು? ನನ್ನ ಕೆನ್ನೆ, ನನ್ನ ಬಾಟಲಿ, ಅದು ನನ್ನ ಸ್ವಂತ ವಿಷಯ ಎಂದು ನೀವು ವಾದಿಸಬಹುದು. ಒಪ್ಪಲಾರೆ. ಒಬ್ಬ ಗೃಹಸ್ಥರ ಕೆನ್ನೆಯ ದೆಸೆಯಿಂದ ಒಂದು ಕಾರ್ಖಾನೆ ಅಲ್ಲೋಲಕಲ್ಲೋಲವಾದದ್ದನ್ನೂ, ತಪ್ಪು ಮಾಡದ ಒಬ್ಬನ ಕೆಲಸಕ್ಕೂ ಒಬ್ಬ ಹುಡುಗಿಯ ಮದುವೆಗೂ ಒಟ್ಟಿಗೆ ಸಂಚಕಾರ ಬಂದದ್ದನ್ನೂ ನಾನು ಬಲ್ಲೆ. ಅದನ್ನು ಹೇಳುವುದು ನನ್ನ ಕರ್ತವ್ಯ. ಕೇಳುವುದು ನಿಮ್ಮದು. ನೆಟ್ಟಗೆ ಕುಳಿತುಕೊಳ್ಳಿ.

ಆ ಗೃಹಸ್ಥರು ಒಂದು ಚಹಾ ಕಾರ್ಖಾನೆಯಲ್ಲಿ ರುಚಿ ನೋಡುವ ಹುದ್ದೆಯಲ್ಲಿದ್ದರು. ಬೆಳಗಾದೊಡನೆ ರುಚಿಕೋಣೆಯ ಉದ್ದನೆಯ ಕಲ್ಲುಮೇಜಿನ ಮೇಲೆ ಬಿಳಿಯ ಬಟ್ಟಲುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಒಂದೊಂದು ಬಟ್ಟಲಲ್ಲೂ ಒಂದೊಂದು ಮಾಲಿನ ಹಬೆಯಾಡುವ ಚಹಾ; ಹಾಲಿಲ್ಲ, ಸಕ್ಕರೆಯಿಲ್ಲ. ಅವರು ಮೊದಲು ಬಟ್ಟಲಿನ ಮೇಲೆ ಬಾಗಿ ಹಬೆಯೊಳಗೆ ಮೂಗನ್ನು ಇಳಿಬಿಡುವರು. ಆಮೇಲೆ ಚಮಚದಲ್ಲಿ ಎತ್ತಿಕೊಂಡು, ಕಿಟಕಿಯ ಗಾಜು ನಡುಗುವಂತೆ ಸೊರ್ರೆಂದು ಹೀರಿ, ಬಾಯೊಳಗೆ ಒಂದು ಸುತ್ತು ತಿರುಗಾಡಿಸಿ, ಪಕ್ಕದ ಡಬ್ಬಿಗೆ ಉಗುಳುವರು. ಮನೆಯಲ್ಲಿ ಮಾಡಿದ್ದರೆ ಹೆಂಡತಿ ಪಂಕ್ತಿಯಿಂದ ಎಬ್ಬಿಸಿ ಕಳಿಸುವಂಥ ಈ ಕೆಲಸಕ್ಕೆ ಕಾರ್ಖಾನೆಯಲ್ಲಿ ಅಪಾರ ಗೌರವವಿತ್ತು. ಅವರು ಸರಿ ಎಂದ ಮಾಲು ಪೆಟ್ಟಿಗೆ ಸೇರುತ್ತಿತ್ತು, ಬೇಡವೆಂದದ್ದು ಮೂಲೆ ಸೇರುತ್ತಿತ್ತು. ಎಲ್ಲರೂ ಅವರನ್ನು ಮೂಗುರಾಯರೆಂದು ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಬರಬರುತ್ತ ಎದುರಿಗೇ. ಅವರೂ ಅದನ್ನು ಬಿರುದೆಂದೇ ತಿಳಿದು ಧರಿಸಿದ್ದರು.

ಈ ಕೆಲಸಕ್ಕೆ ಒಂದು ಶಿಸ್ತಿದೆ. ರುಚಿ ನೋಡುವವರು ಈರುಳ್ಳಿ ತಿನ್ನುವಂತಿಲ್ಲ, ಸುಗಂಧದ ಸೋಪು ಮುಟ್ಟುವಂತಿಲ್ಲ. ಅವರು ಬಟ್ಟಲಿನ ಮುಂದೆ ನಿಂತಿರುವಾಗ ಕರೆಯದೆ ಯಾರೂ ಒಳಗೆ ಬರುವಂತಿಲ್ಲ. ರಾಯರು ಈ ಶಿಸ್ತನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದವರು. ವಾಸನೆಯಿಲ್ಲದ ಸೋಪಿನ ನೊರೆ, ಸಾದಾ ನೀರು, ಒರಟು ಟವೆಲು, ಇಷ್ಟೇ ಅವರ ಕ್ಷೌರ. ಹೀಗೆ ಧರ್ಮಮಾರ್ಗದಲ್ಲಿದ್ದವರನ್ನು ದಾರಿ ತಪ್ಪಿಸಿದ್ದು ಒಂದು ಫೋಟೋ.

ರಾಯರ ಮಗಳಿಗೂ, ಅದೇ ಕಾರ್ಖಾನೆಯಲ್ಲಿ ಎಲೆ ಒಣಗಿಸುವ ಕೋಣೆಯ ಮೇಸ್ತ್ರಿಯ ಮಗನಿಗೂ ಮದುವೆ ನಿಶ್ಚಯವಾಗಿತ್ತು. ಮೇಸ್ತ್ರಿಯ ಕೆಲಸವೂ ಕಡಿಮೆಯದಲ್ಲ. ಬಿಸಿಗಾಳಿಯ ಯಂತ್ರದಲ್ಲಿ ಎಲೆ ಗಳಿಗೆ ಹೆಚ್ಚು ನಿಂತರೆ ಸೀಯುತ್ತದೆ, ಗಳಿಗೆ ಕಡಿಮೆಯಾದರೆ ಬೂಸಲು ಹಿಡಿಯುತ್ತದೆ. ಆ ಗಳಿಗೆಯನ್ನು ಹಿಡಿಯುವವನೇ ಮೇಸ್ತ್ರಿ. ಮಾತು ಪಕ್ಕಾದ ದಿನ ಎರಡೂ ಮನೆಯವರು ನಿಂತು ಫೋಟೋ ತೆಗೆಸಿಕೊಂಡರು. ಅದು ಕೈಗೆ ಬಂದ ಸಂಜೆ ಮೇಸ್ತ್ರಿ ರಾಯರ ಮನೆಯ ಜಗಲಿಯಲ್ಲಿ ಕುಳಿತು, ಕನ್ನಡಕವನ್ನು ಹಣೆಗೇರಿಸಿ, ಫೋಟೋವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಬೀಗರೇ, ನಿಮ್ಮ ಕೆನ್ನೆ ಯಾಕೆ ಹೀಗೆ ಬಂದಿದೆ? ಒಳ್ಳೆ ತುರಿಯೋ ಮಣೆ ಇದ್ದಹಾಗಿದೆ!"

"ಬೆಳಕು ಸರಿಯಿರಲಿಲ್ಲ," ಎಂದರು ರಾಯರು.

"ನಾನೂ ಅದೇ ಬೆಳಕಲ್ಲೇ ನಿಂತಿದ್ದೆನಲ್ಲ?"

ಹೆಂಗಸರು ನಕ್ಕರು. ರಾಯರ ಹೆಂಡತಿಯೂ ನಕ್ಕರು. ಅಪರಾಧ ಅಲ್ಲಿಯೇ ಎರಡು ಪಟ್ಟಾಯಿತು. ಫೋಟೋದಲ್ಲಿ ಮೇಸ್ತ್ರಿಯ ಕೆನ್ನೆ ನಿಜಕ್ಕೂ ತೊಳೆದಿಟ್ಟ ಬಟ್ಟಲಿನಂತೆ ಹೊಳೆಯುತ್ತಿತ್ತು. ನೀವು ಕೆನ್ನೆಗೆ ಏನು ಮಾಡುತ್ತೀರಿ ಎಂದು ಬೀಗರನ್ನೇ ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಣ್ಣು ಕೊಡುವ ಮಾವ ಗಂಡಿನ ತಂದೆಯನ್ನು ಕೆನ್ನೆಯ ವಿಚಾರದಲ್ಲಿ ಸಲಹೆ ಕೇಳುವುದೆಂದರೆ ಏನು! ಕೇಳಲಿಲ್ಲ. ಅಭಿಮಾನವೆಂಬುದು ಮನುಷ್ಯನನ್ನು ಎಂಥ ಅಂಗಡಿಯ ಬಾಗಿಲಿಗೆ ತಂದು ನಿಲ್ಲಿಸುತ್ತದೆಂಬುದನ್ನು ಗಮನಿಸಿ.

ಅಂಗಡಿ ದೂರವಿರಲಿಲ್ಲ, ಅದು ಮರುದಿನವೇ ಮನೆಗೆ ನಡೆದು ಬಂತು. ರಾಯರ ಹೆಂಡತಿಯ ತಮ್ಮ ಚರ್ಮದ ಆರೈಕೆಯ ಬಾಟಲಿಗಳನ್ನು ಚೀಲದಲ್ಲಿ ತುಂಬಿಕೊಂಡು ಮನೆಯಿಂದ ಮನೆಗೆ ತಿರುಗುವವನು. ಅಕ್ಕನ ಬಾಯಿಂದ ತುರಿಯುವ ಮಣೆಯ ಪ್ರಸಂಗವನ್ನು ಕೇಳಿದವನೇ ವೈದ್ಯನಂತೆ ಮುಖ ಗಂಭೀರ ಮಾಡಿಕೊಂಡ.

"ಭಾವ, ಗಡ್ಡ ಹೆರೆದ ಮೇಲೆ ಕೆನ್ನೆಗೆ ಏನ್ ಹಾಕ್ತೀರಿ?"

"ಟವೆಲ್."

"ಟವೆಲ್ಲಾ! ಅಕ್ಕಾ, ಕೇಳಿಸ್ಕೊಂಡ್ಯಾ? ಭಾವ ಕೆನ್ನೆಗೆ ಟವೆಲ್ ಹಾಕ್ತಾರಂತೆ! ಭಾವ, ಬ್ಲೇಡು ಅಂದ್ರೆ ಏನ್ ತಿಳ್ಕೊಂಡಿದೀರಿ? ಕೂದಲ ಜೊತೆ ಚರ್ಮದ ಮೇಲಿನ ಪದರಾನೂ ಹೆರೆದು ಹಾಕುತ್ತೆ. ಅದನ್ನ ಮೊದಲು ಬಿಗಿ ಮಾಡ್ಬೇಕು. ಆಮೇಲೆ ಸಮಾಧಾನ ಮಾಡ್ಬೇಕು."

"ಯಾರನ್ನ?"

"ಚರ್ಮಾನ! ಆಮೇಲೆ ಅದಕ್ಕೆ ತೇವ ಕೊಡ್ಬೇಕು. ಕೊನೇಲಿ ಕಾವಲು."

"ನನ್ನ ಕೆನ್ನೆಗೆ ಕಾವಲು ಯಾಕಪ್ಪ? ಯಾರು ಕದೀತಾರೆ?"

"ಮದುವೆ ಫೋಟೋ ಬರೋದಿದೆ, ಆಮೇಲೆ ನಿಮ್ಮಿಷ್ಟ," ಎಂದು ಭಾವಮೈದುನ ಚೀಲದ ಬಾಯಿ ಕಟ್ಟುವವನಂತೆ ನಟಿಸಿದ.

ಮದುವೆಯ ಫೋಟೋ ಎಂಬ ಮಾತು ರಾಯರ ಎದೆಗೇ ನಾಟಿತು. ಆದರೂ ವೃತ್ತಿಧರ್ಮವನ್ನು ಅವರು ಆ ಕ್ಷಣದಲ್ಲಿ ಮರೆಯಲಿಲ್ಲವೆಂಬುದನ್ನು ನ್ಯಾಯದ ದೃಷ್ಟಿಯಿಂದ ಹೇಳಲೇಬೇಕು. "ನನಗೆ ವಾಸನೆ ಇರೋದು ಆಗಲ್ಲ. ನನ್ನ ಕೆಲಸ ನಿನಗೆ ಗೊತ್ತಿದೆ," ಎಂದರು.

"ಅಯ್ಯೋ, ಇದಕ್ಕೆ ವಾಸನೆಯೇ ಇಲ್ಲ ಭಾವ!" ಎಂದು ಅವನು ಬಾಟಲಿಯ ಮುಚ್ಚಳ ತೆಗೆದು, ಎದೆ ಉಬ್ಬುವಷ್ಟು ಮೂಸಿ ತೋರಿಸಿದ.

ಅವನು ಸುಳ್ಳು ಹೇಳಲಿಲ್ಲ. ದಿನವಿಡೀ ಸುಗಂಧಗಳ ಚೀಲ ಹೊತ್ತು ತಿರುಗಿ ಅವನ ಮೂಗು ರಾಜೀನಾಮೆ ಕೊಟ್ಟು ಬಹಳ ಕಾಲವಾಗಿತ್ತು. ರಾಯರೂ ಮೂಸಿದರು. ತಣ್ಣಗಿದ್ದಾಗ ಆ ದ್ರವ ಪರಮಸಾಧುವಿನಂತೆ ಸುಮ್ಮನಿತ್ತು. ಬಿಸಿ ತಾಗಿದರೆ ಅದು ಬಾಯಿಬಿಡುತ್ತದೆಂದು ಬಾಟಲಿಯ ಮೇಲೆ ಎಲ್ಲಿಯೂ ಬರೆದಿರಲಿಲ್ಲ. ಮರುದಿನ ಬೆಳಗ್ಗೆ ರಾಯರು ಕೆನ್ನೆಗೆ, ಗದ್ದಕ್ಕೆ, ಮೀಸೆಯಿಲ್ಲದ ಮೇಲ್ದುಟಿಗೆ ಅದನ್ನು ಧಾರಾಳವಾಗಿ ಬಳಿದುಕೊಂಡು, ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿ ನೋಡಿ, ಕಾರ್ಖಾನೆಗೆ ಹೊರಟರು.

ರುಚಿಕೋಣೆಯಲ್ಲಿ ಮೊದಲ ಬಟ್ಟಲಿನ ಮೇಲೆ ಬಾಗಿದರು. ಹಬೆ ಮೇಲೆದ್ದು ಮೇಲ್ದುಟಿಯನ್ನು ಬೆಚ್ಚಗೆ ತಟ್ಟಿತು. ರಾಯರು ಬೆಚ್ಚಿ ಹಿಂದೆ ಸರಿದರು. ಚಹಾದಲ್ಲಿ ಏನೋ ವಾಸನೆ! ಗುಲಾಬಿಯಂಥದು, ಆದರೆ ಗುಲಾಬಿಯಲ್ಲ. ಸೋಪಿನಂಥದು, ಆದರೆ ಸೋಪಲ್ಲ. ಮುಂದಿನ ಬಟ್ಟಲಿಗೆ ಹೋದರು, ಅದರಲ್ಲೂ ಅದೇ. ಸಾಲಿನ ಕೊನೆಯವರೆಗೂ ಅದೇ. ಆಗ ಅವರು ಕಣ್ಣು ಮುಚ್ಚಿ ತರ್ಕಿಸಿದರು. ಎಲೆ ಬಂದದ್ದು ಬೇರೆಬೇರೆ ತೋಟದಿಂದ. ಬಾಡಿಸಿದ್ದು ಬೇರೆಬೇರೆ ತೊಟ್ಟಿಯಲ್ಲಿ. ಎಲ್ಲ ಮಾಲೂ ಒಟ್ಟಾಗಿ ಹಾದುಬರುವ ಜಾಗ ಒಂದೇ, ಒಣಗಿಸುವ ಕೋಣೆ. ಆದ್ದರಿಂದ ದೋಷ ಅಲ್ಲಿಯದೇ. ತರ್ಕ ಶುದ್ಧವಾಗಿತ್ತು. ಎಲ್ಲ ಮಾಲೂ ಹಾದುಬರುವ ಇನ್ನೊಂದು ಜಾಗವೂ ಇತ್ತು. ಆದರೆ ಅದು ಅವರ ಮುಖದ ನಟ್ಟನಡುವೆ ಇದ್ದುದರಿಂದ ಅವರಿಗೆ ಕಾಣಿಸಲಿಲ್ಲ.

ಮ್ಯಾನೇಜರಿಗೆ ಕರೆ ಹೋಯಿತು. ಅವರು ಓಡಿಬಂದು ರಾಯರ ಪಕ್ಕದಲ್ಲೇ, ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಬಾಗಿ, ಅದೇ ಬಟ್ಟಲನ್ನು ಮೂಸಿದರು.

"ಹೌದ್ರೀ ರಾಯರೇ! ಘಮ್ ಅಂತಿದೆ! ಯಾರದೋ ಮದುವೆ ಮನೆಗೆ ಕಾಲಿಟ್ಟಹಾಗಿದೆ!"

"ನಿಮಗೂ ಬಂತಲ್ಲ? ಒಣಗಿಸೋದ್ರಲ್ಲೇ ಏನೋ ಆಗಿದೆ."

ಇಬ್ಬರೂ ಚಿಂತಾಕ್ರಾಂತರಾಗಿ ಹೊರಗೆ ಹೋಗಿ ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ಒಬ್ಬರೇ ಒಳಗೆ ಹೋಗಿ ಬಟ್ಟಲುಗಳನ್ನೆಲ್ಲ ಮೂಸಿ ಬಂದರು.

"ನನಗೇನೂ ಬರ್ತಿಲ್ಲ ಸಾರ್. ಟೀ ವಾಸನೆ ಬರ್ತಿದೆ ಅಷ್ಟೇ."

"ನಿಮಗೆಲ್ಲಿ ಬರುತ್ತೆ? ದಿನಾ ಅದರಲ್ಲೇ ಮುಳುಗಿರೋರು," ಎಂದರು ಮ್ಯಾನೇಜರು.

ರುಚಿಕೋಣೆಯ ಶಿಸ್ತೇ ಹೀಗೆ ಸತ್ಯಕ್ಕೆ ಮುಳುವಾಯಿತು. ರಾಯರು ಕರೆದವರಿಗೆಲ್ಲ, ರಾಯರ ಪಕ್ಕದಲ್ಲೇ ನಿಂತು ಮೂಸುವುದರಿಂದ, ವಾಸನೆ ಬರುತ್ತಿತ್ತು. ರಾಯರಿಲ್ಲದಾಗ ಮೂಸಿದ ಮೇಸ್ತ್ರಿಗೆ ಬರುತ್ತಿರಲಿಲ್ಲ. ಸಾಕ್ಷಿಗಳೆಲ್ಲ ಒಂದು ಕಡೆಗೆ, ಮೇಸ್ತ್ರಿಯೊಬ್ಬರೇ ಇನ್ನೊಂದು ಕಡೆಗೆ. ಪ್ರಪಂಚದಲ್ಲಿ ಎಷ್ಟೋ ತೀರ್ಪುಗಳು ಇಂಥ ಸಾಕ್ಷ್ಯದ ಮೇಲೆಯೇ ಆಗುತ್ತಿರಬಹುದೆಂದು ನೆನೆದರೆ ನನ್ನ ರಕ್ತ ಕುದಿಯುತ್ತದೆ.

ಮ್ಯಾನೇಜರು ಹುಕುಂಗಳನ್ನು ಹೊರಡಿಸತೊಡಗಿದರು. ಮೊದಲನೆಯದು ಚಹಾಪುಡಿಯಿಂದ ಕಡ್ಡಿ ಆರಿಸುವ ಕೋಣೆಯ ಹೆಂಗಸರ ಮೇಲೆ: ತಲೆಗೆ ಎಣ್ಣೆ ಕೂಡದು, ಮುಖಕ್ಕೆ ಪೌಡರು ಕೂಡದು. ಆ ಕೋಣೆಯ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಲ್ಲ ಸಾರ್, ನಾನು ಇಲ್ಲಿಗೆ ಸೇರಿದಾಗಿಂದ ಇದೇ ಎಣ್ಣೆ, ಇದೇ ತಲೆ. ಇಷ್ಟು ದಿನ ಇಲ್ಲದ ವಾಸನೆ ಈಗ ಟೀಗೆ ಹೇಗೆ ಹಾರ್ತು? ನನ್ನ ತಲೆಗೇನು ರೆಕ್ಕೆ ಬಂದಿದೆಯಾ?"

"ವಾದ ಬೇಡಮ್ಮ. ಮೇಲಿನ ಆರ್ಡರು."

"ಮೇಲೆ ಇರೋದು ನೀವೊಬ್ಬರೇ ಅಲ್ವಾ?"

ಎಣ್ಣೆ ನಿಂತಿತು, ಪೌಡರು ನಿಂತಿತು, ಕೈತೊಳೆಯುವ ಕಡೆಯ ಸೋಪೂ ಮಾಯವಾಯಿತು. ವಾಸನೆ ಮಾತ್ರ ನಿಲ್ಲಲಿಲ್ಲ. ಮ್ಯಾನೇಜರ ಶಂಕೆ ಒಣಗಿಸುವ ಕೋಣೆಯ ಕಿಟಕಿಗೆ ಎದುರಾಗಿದ್ದ ಗುಲಾಬಿ ಗಿಡಗಳ ಮೇಲೆ ಹೊರಳಿತು. ಅವು ಅವರ ಹೆಂಡತಿ ನೆಟ್ಟು ಬೆಳೆಸಿದವು. ಕರ್ತವ್ಯನಿಷ್ಠರಾದ ಮ್ಯಾನೇಜರು ಸ್ವತಃ ಕತ್ತರಿ ಹಿಡಿದು ಗಿಡಗಳ ನಡುವೆ ಇಳಿದರು.

"ಒಂದೇ ಒಂದು ಕೊಂಬೆ ಕತ್ತರಿಸಿ ನೋಡೋಣ!" ಎಂಬ ಹೆಂಡತಿಯ ಕೂಗು ಪಕ್ಕದಲ್ಲೇ ಇದ್ದ ಮನೆಯ ಕಿಟಕಿಯಿಂದ ಬಂತು. "ಇವತ್ತಿಂದ ನಿಮ್ಮ ಊಟ ಆ ಕಾರ್ಖಾನೆಯಲ್ಲೇ!"

ಮ್ಯಾನೇಜರು ಕೊಂಬೆ ಕತ್ತರಿಸಿದರು. ಅಂದಿನಿಂದ ಅವರ ಊಟ ಕಾರ್ಖಾನೆಯಲ್ಲೇ ನಡೆಯಿತು. ವಾಸನೆ ಆಗಲೂ ಹೋಗಲಿಲ್ಲ. ಹಸಿದವರ ಕೋಪಕ್ಕೆ ಯಾರಾದರೊಬ್ಬರು ಸಿಗಲೇಬೇಕಲ್ಲ. ಮೇಸ್ತ್ರಿಯ ಕೈಗೆ ನೋಟಿಸು ಬಂತು. ಮುಖ್ಯ ಕಚೇರಿಯಿಂದ ಹಿರಿಯ ರುಚಿಗಾರ್ತಿ ಬಂದು ಪರೀಕ್ಷಿಸುವರು, ದೋಷ ನಿಜವೆಂದಾದರೆ ಮೇಸ್ತ್ರಿ ಕೆಲಸ ಬಿಡತಕ್ಕದ್ದು ಎಂದು ಅದರಲ್ಲಿತ್ತು.

ಆ ಸಂಜೆ ರಾಯರು ಮನೆ ಸೇರಿದಾಗ ಹೆಂಡತಿ ಬಿಸಿ ಬಿಸಿ ಕಾಫಿ ತಂದುಕೊಟ್ಟು, ಹತ್ತಿರ ನಿಂತು ಮೂಗು ಅರಳಿಸಿದರು.

"ಏನ್ರೀ, ಘಮಘಮ ಅಂತಿದೀರಿ?"

"ಅದೇ ಕಣೆ, ನಿಮ್ಮ ಬೀಗರ ಟೀ!" ಎಂದು ರಾಯರು ನಿಟ್ಟುಸಿರು ಬಿಟ್ಟರು. "ನನ್ನ ಬಟ್ಟೆಗೂ ಹತ್ತಿಬಿಟ್ಟಿದೆ. ನೋಡು, ಈಗ ನಿನ್ನ ಕಾಫಿಗೂ ಅಂಟಿದೆ! ಎಂಥ ಕೆಟ್ಟ ಮಾಲು ಅಂತೀಯ!"

ಇಷ್ಟರಲ್ಲಿ ಬಾಗಿಲಲ್ಲಿ ಮೇಸ್ತ್ರಿ ಕಾಣಿಸಿಕೊಂಡರು. ಒಳಗೆ ಬರಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ.

"ಬೀಗರೇ, ಒಂದು ಮಾತು ಕೇಳೋಕೆ ಬಂದೆ. ತಮಾಷೆಗೆ ತುರಿಯೋ ಮಣೆ ಅಂದಿದ್ದಕ್ಕೆ ಇಷ್ಟು ದೊಡ್ಡ ಸೇಡಾ?"

"ಸೇಡಾ! ನನಗಾ?" ರಾಯರು ಕಾಫಿ ಲೋಟವನ್ನು ಕುಕ್ಕಿದರು. "ಮೇಸ್ತ್ರಿಗಳೇ, ಬಟ್ಟಲಿನ ಮುಂದೆ ನಾನು ಯಾರ ಮುಖವನ್ನೂ ನೋಡೋನಲ್ಲ. ನನ್ನ ಮೂಗಿಗೆ ನೆಂಟರಿಲ್ಲ!"

"ಹಾಗಾದ್ರೆ ನಿಮ್ಮ ಮಗಳಿಗೂ ಮಾವ ಇಲ್ಲ," ಎಂದು ಮೇಸ್ತ್ರಿ ಮೆಟ್ಟಿಲಿಳಿದು ಹೋದರು.

ಒಳಗಿನಿಂದ ಮಗಳು ಬಂದಳು. ಅವಳು ಅಳಲಿಲ್ಲ, ಅತ್ತಿದ್ದರೆ ರಾಯರಿಗೆ ಸಮಾಧಾನ ಹೇಳುವುದಾದರೂ ಇರುತ್ತಿತ್ತು.

"ಅಪ್ಪಾ, ಅವರ ಟೀ ನಿಜವಾಗ್ಲೂ ಕೆಟ್ಟಿದೆಯಾ?"

"ಕೆಟ್ಟಿದೆ ಮಗು. ಕೆಟ್ಟಿರೋದನ್ನ ಒಳ್ಳೇದು ಅಂತ ಹೇಗೆ ಹೇಳ್ಲಿ? ಹೇಳಿದ್ರೆ ನಾನ್ಯಾತರ ರುಚಿಗಾರ?"

"ಹೇಳ್ಬೇಡಿ. ಆದ್ರೆ ಇನ್ನೊಂದ್ಸಲ ನೋಡಿ," ಎಂದಷ್ಟೇ ಹೇಳಿ ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಚಿಂತೆಯಿಂದಲೋ ಏನೋ ರಾಯರ ಕೆನ್ನೆ ಉರಿಯತೊಡಗಿತು. ಉರಿದಷ್ಟೂ ಅವರು ಹಚ್ಚಿದರು, ಹಚ್ಚಿದಷ್ಟೂ ಉರಿಯಿತು. ಕೊನೆಗೆ ವೈದ್ಯೆಯೊಬ್ಬರ ಬಳಿಗೆ ಹೋದರು. ಆಕೆ ಬಾಯಿ ಮೂಗುಗಳೆರಡನ್ನೂ ಬಿಗಿಯಾಗಿ ಮುಚ್ಚುವ ಮಾಸ್ಕ್ ಧರಿಸಿಯೇ ರೋಗಿಗಳನ್ನು ನೋಡುವವರು.

"ಬ್ಲೇಡು ಬದಲಾಯಿಸಿದ್ದು ಯಾವಾಗ?" ಎಂದು ವೈದ್ಯೆ ಕೇಳಿದರು.

ರಾಯರು ಆ ಪ್ರಶ್ನೆಯ ಹೊಸತನಕ್ಕೆ ಬೆರಗಾದರು. "ಬ್ಲೇಡು ಬದಲಾಯಿಸ್ಬೇಕಾ?"

ವೈದ್ಯೆ ದೀಪವನ್ನು ಅವರ ಕೆನ್ನೆಯ ಹತ್ತಿರಕ್ಕೆ ಎಳೆದರು. "ನೋಡಿ, ಮೊಂಡು ಬ್ಲೇಡಲ್ಲಿ ಉಜ್ಜಿದ್ರೆ ಚರ್ಮ ಒರಟಾಗದೆ ಇನ್ನೇನಾಗುತ್ತೆ? ಹೊಸ ಬ್ಲೇಡು ಹಾಕಿ. ಬೆಚ್ಚನೆ ನೀರಲ್ಲಿ ಗಡ್ಡ ಚೆನ್ನಾಗಿ ನೆನೆಸಿ. ಕೂದಲು ಬೆಳೆದಿರೋ ದಿಕ್ಕಿಗೇ ಹೆರೀರಿ. ಆಮೇಲೆ ನೀರಲ್ಲಿ ತೊಳೆದ್ರೆ ಸಾಕು. ತೀರಾ ಬಿಗೀತಿದೆ, ಒಣಗಿದೆ ಅನ್ಸಿದ್ರೆ ವಾಸನೆ ಇಲ್ಲದ ಸಾದಾ ಕ್ರೀಮು ಒಂಚೂರು ಹಚ್ಚಿ. ಇಲ್ದಿದ್ರೆ ಏನೂ ಬೇಡ. ಈಗ ಏನ್ ಹಚ್ತಿದೀರೋ ಅದನ್ನ ನಿಲ್ಲಿಸಿ."

ಇದಕ್ಕಿಂತ ಸ್ಪಷ್ಟವಾದ ಮಾತು ಇರಲಾರದು. ಆದರೆ ಮನುಷ್ಯ ವೈದ್ಯರ ಮಾತಿನಲ್ಲಿ ತನಗೆ ಬೇಕಾದ ತುಂಡನ್ನಷ್ಟೇ ಕತ್ತರಿಸಿಕೊಂಡು ಮನೆಗೆ ಒಯ್ಯುವ ಪ್ರಾಣಿ. ಮನೆಯಲ್ಲಿ ಭಾವಮೈದುನ ಕಾದಿದ್ದ. "ಡಾಕ್ಟರು ಏನಂದ್ರು ಭಾವ?"

"ವಾಸನೆ ಇಲ್ಲದ್ದನ್ನ ಹಚ್ಚಿ ಅಂದ್ರು."

"ಇದಕ್ಕೂ ವಾಸನೆ ಇಲ್ವಲ್ಲ! ಅಂದ್ರೆ ಇದನ್ನೇ ಹಚ್ಚಿ ಅಂತ ಆಯ್ತು. ನಾಳೆ ದೊಡ್ಡವರು ಬರ್ತಿದಾರೆ ಅಲ್ವಾ? ಇದರ ಮೇಲೆ ಈ ಇನ್ನೊಂದನ್ನೂ ಬಳೀರಿ. ಮುಖ ಹೊಳೀಬೇಕು!"

ಮರುದಿನ ರಾಯರ ಮುಖ ಹೊಳೆಯಿತು. ಕಾರ್ಖಾನೆಯ ಗೇಟಿನಲ್ಲಿದ್ದ ಕಾವಲುಗಾರ ಒಮ್ಮೆ ಸೀನಿ, ಎದ್ದು ಸಲಾಮು ಮಾಡಿದ.

ಹಿರಿಯ ರುಚಿಗಾರ್ತಿ ಬಂದಿಳಿದರು. ನರೆತ ತಲೆ, ದಪ್ಪ ಕನ್ನಡಕ, ಅಳೆದು ಆಡುವ ಮಾತು. ಮ್ಯಾನೇಜರು ಪ್ರಕರಣವನ್ನು ವಿವರಿಸಿದರು. ಆಗ ಮೇಸ್ತ್ರಿ ಮುಂದೆ ಬಂದು ನಿಂತರು.

"ಅಮ್ಮಾ, ನನ್ನದೊಂದು ಬೇಡಿಕೆ. ಇವರು ಕಣ್ಣು ಕಟ್ಕೊಂಡು ರುಚಿ ನೋಡ್ಲಿ. ಯಾವ ಬಟ್ಟಲಲ್ಲಿ ಏನಿದೆ ಅಂತ ಗೊತ್ತಾಗ್ಬಾರದು. ಬೇರೆ ಕಾರ್ಖಾನೆ ಮಾಲನ್ನೂ ಮಧ್ಯೆ ಇಡಿ. ಆಗ ನೋಡೋಣ, ಕೆಟ್ಟಿರೋದು ನನ್ನ ಟೀನೋ, ಇವರ ಮನಸ್ಸೋ."

"ಕಟ್ಟಿ!" ಎಂದು ರಾಯರು ಗುಡುಗಿದರು. "ಎರಡು ಬಟ್ಟೆ ಕಟ್ಟಿ ಬೇಕಾದ್ರೆ!"

ಕಣ್ಣಿಗೆ ಬಟ್ಟೆ ಕಟ್ಟಲಾಯಿತು. ಕೆಲಸಗಾರರ ಪರವಾಗಿ ದೊಡ್ಡಮ್ಮ ಒಳಗೆ ನಿಂತಳು. ಗಾಜಿನ ಕಿಟಕಿಯ ಆಚೆಗೆ ಉಳಿದವರೆಲ್ಲ ಒಬ್ಬರ ಭುಜದ ಮೇಲೊಬ್ಬರು ತಲೆಯಿಟ್ಟು ಇಣುಕುತ್ತಿದ್ದರು. ಅವರ ನಡುವೆ, ತೀರ್ಪು ಕೇಳಲು ಬಂದಿದ್ದ ರಾಯರ ಮಗಳೂ ಇದ್ದಳು. ಆ ದಿನ ಬಟ್ಟಲಿನಲ್ಲಿ ತೂಗುತ್ತಿದ್ದುದು ತನ್ನ ಮದುವೆಯೆಂದು ಅವಳಿಗೆ ಗೊತ್ತಿತ್ತು.

ರಾಯರು ಮೊದಲ ಬಟ್ಟಲಿನ ಹಬೆಗೆ ಮೂಗು ಇಳಿಬಿಟ್ಟರು. "ಅದೇ ವಾಸನೆ. ಒಣಗಿಸೋದ್ರಲ್ಲಿ ತಪ್ಪು."

ಅದು ಮೇಸ್ತ್ರಿಯ ಮಾಲು. ಮೇಸ್ತ್ರಿ ತುಟಿ ಕಚ್ಚಿಕೊಂಡರು.

ಮುಂದಿನ ಬಟ್ಟಲು. "ಇದೂ ಅದೇ. ಅದೇ ಕೈ, ಅದೇ ತಪ್ಪು."

ಅದು ಎಲ್ಲಿಯೋ ದೂರದ, ಮೇಸ್ತ್ರಿ ಕಣ್ಣಿಂದ ಕಂಡೇ ಇರದ ಕಾರ್ಖಾನೆಯ ಮಾಲು. ಹಿರಿಯ ರುಚಿಗಾರ್ತಿ ಹುಬ್ಬೇರಿಸಿದರು. ಮೇಜಿನ ಆ ತುದಿಗೆ ಹೋಗಿ ಒಂದು ಬಟ್ಟಲನ್ನು ಮೂಸಿದರು. ಮೆಲ್ಲನೆ ರಾಯರ ಪಕ್ಕಕ್ಕೆ ಬಂದು ಬಟ್ಟಲಿಲ್ಲದೆಯೇ ಗಾಳಿಯನ್ನು ಮೂಸಿದರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಸುಮ್ಮನಿರುವಂತೆ ಸನ್ನೆ ಮಾಡಿ, ಒಲೆಯ ಮೇಲಿದ್ದ ಕೆಟಲಿನಿಂದ ಖಾಲಿ ಬಟ್ಟಲೊಂದಕ್ಕೆ ಬರಿಯ ಬಿಸಿನೀರು ಸುರಿದು ರಾಯರ ಮುಂದಿಟ್ಟರು.

ರಾಯರು ಬಾಗಿದರು. ಮುಖ ಕಿವುಚಿದರು.

"ಛೆ ಛೆ! ಎಲ್ಲಕ್ಕಿಂತ ಕೆಟ್ಟ ಮಾಲು ಇದೇ. ಬಾಯಿಗೆ ತಗೊಳ್ಳೋ ಅಗತ್ಯವೇ ಇಲ್ಲ. ಇದನ್ನ ಒಣಗಿಸಿದವರಿಗೆ ಕೆಲಸದ ಮೇಲೆ ಗಮನವೇ ಇಲ್ಲ!"

"ಇದನ್ನ ಒಣಗಿಸಿಯೇ ಇಲ್ಲ ರಾಯರೇ," ಎಂದರು ಹಿರಿಯ ರುಚಿಗಾರ್ತಿ.

"ಅದಕ್ಕೇ ಮತ್ತೆ ಹೀಗಿದೆ!"

"ಒಣಗಿಸೋಕೆ ಬರೋದೂ ಇಲ್ಲ. ಇದು ಬಿಸಿನೀರು."

ರಾಯರು ಕಣ್ಣುಪಟ್ಟಿಯನ್ನು ಮೇಲಕ್ಕೆ ಸರಿಸಿ ಬಟ್ಟಲನ್ನು ನೋಡಿದರು. ನೀರು ತಳ ಕಾಣುವಷ್ಟು ತಿಳಿಯಾಗಿತ್ತು.

"ಹಾಗಾದ್ರೆ... ನೀರಲ್ಲೇ ದೋಷ ಇರ್ಬೇಕು," ಎಂದರು.

"ಈಗ್ಲೇ ಟ್ಯಾಂಕ್ ತೊಳೆಸ್ತೀನಿ!" ಎಂದು ಮ್ಯಾನೇಜರು ಬಾಗಿಲಿಗೆ ಧಾವಿಸಿದರು.

"ಟ್ಯಾಂಕ್ ಬೇಡ," ಎಂದರು ಹಿರಿಯ ರುಚಿಗಾರ್ತಿ. "ಇವರ ಮುಖ ತೊಳೆಸಿ."

ದೊಡ್ಡಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಸರಸರನೆ ಬಂದು ರಾಯರ ಕೆನ್ನೆಯ ಹತ್ತಿರ ಮೂಗು ಒಯ್ದವಳೇ ಎರಡೂ ಕೈ ಮೇಲೆತ್ತಿದಳು.

"ಅಯ್ಯೋ ನನ್ನಪ್ಪಾ! ನಾವು ಎಣ್ಣೆ ಬಿಟ್ವಿ, ಪೌಡರ್ ಬಿಟ್ವಿ, ಕೈ ತೊಳೆಯೋ ಸೋಪೂ ಬಿಟ್ವಿ! ಇವರು ನೋಡಿದ್ರೆ ಕೆನ್ನೆ ಮೇಲೆ ಹೂವಿನ ತೋಟಾನೇ ಹಾಕ್ಕೊಂಡಿದಾರೆ!"

ಕಿಟಕಿಯಾಚೆ ಎದ್ದ ನಗು ಗಾಜನ್ನು ದಾಟಿ ಬಂತು. ಮ್ಯಾನೇಜರು ಮಾತ್ರ ನಗಲಿಲ್ಲ. ಅವರು ಕಣ್ಣೆದುರಿಗೆ ಕತ್ತರಿಸಿದ ಗುಲಾಬಿ ಕೊಂಬೆಗಳನ್ನೂ, ಅದಕ್ಕಿಂತ ಸ್ಪಷ್ಟವಾಗಿ ಮನೆಯ ಊಟವನ್ನೂ ಕಾಣುತ್ತಿದ್ದರು.

ರಾಯರು ಬಟ್ಟಲು ತೊಳೆಯುವ ತೊಟ್ಟಿಯ ಬಳಿಗೆ ಹೋದರು. ಮುಖವನ್ನು ತೊಳೆದರು, ಉಜ್ಜಿದರು, ಮತ್ತೆ ತೊಳೆದರು. ಬಟ್ಟಲು ಒರೆಸುವ ಒರಟು ಬಟ್ಟೆಯಿಂದ ಒರೆಸಿಕೊಂಡು, ಕೆನ್ನೆಯನ್ನು ಹಿರಿಯ ರುಚಿಗಾರ್ತಿಗೆ ಒಡ್ಡಿದರು. ಆಕೆ ಮೂಸಿ ತಲೆಯಾಡಿಸಿದ ಮೇಲೆ, ಕೆಂಪಾದ ಮುಖ ಹೊತ್ತು ಮೇಜಿನ ಬಳಿಗೆ ಬಂದು, ಕಣ್ಣುಪಟ್ಟಿಯನ್ನು ತಾವೇ ಮೇಸ್ತ್ರಿಯ ಕೈಗೆ ಕೊಟ್ಟರು.

"ಕಟ್ಟಿ ಬೀಗರೇ. ಮೊದಲಿಂದ ನೋಡ್ತೀನಿ."

ಈ ಸಲ ಅವರು ಮೂಸಿದ್ದು ಚಹಾವನ್ನು. ಮೂಸಿ, ಗಾಜು ನಡುಗುವಂತೆ ಹೀರಿ, ಉಗುಳಿದರು. "ಒಳ್ಳೆ ಮಾಲು." ಮುಂದಿನದು. "ಇದೂ ಚೆನ್ನಾಗಿದೆ." ಮೇಸ್ತ್ರಿಯ ಮುಖ ಒಂದೊಂದು ಬಟ್ಟಲಿಗೂ ಅರಳುತ್ತ ಬಂತು. ಸಾಲು ಮುಗಿಯುತ್ತ ಬಂದಾಗ ರಾಯರು ಒಂದು ಬಟ್ಟಲನ್ನು ಹೀರಿ, ಉಗುಳಿ, ತಡೆದು ನಿಂತರು. ಇನ್ನೊಮ್ಮೆ ಹೀರಿದರು.

ಓದುಗರೇ, ನ್ಯಾಯವಾಗಿ ಹೇಳಿ. ನಿಮ್ಮ ಮಗಳು ಕಿಟಕಿಯಾಚೆ ನಿಂತಿದ್ದಾಳೆ. ಮುರಿದ ಸಂಬಂಧ ಕೂಡುವುದರಲ್ಲಿದೆ. ಆಗಷ್ಟೇ ಊರೆಲ್ಲ ನಿಮ್ಮನ್ನು ನೋಡಿ ನಕ್ಕಿದೆ. "ಚೆನ್ನಾಗಿದೆ" ಎಂದೊಂದು ಮಾತು ಹೇಳಿದರೆ ಎಲ್ಲವೂ ಸರಿಹೋಗುತ್ತದೆ. ನೀವಾದರೆ ಏನು ಹೇಳುತ್ತಿದ್ದಿರಿ? ಬೇಡ, ಉತ್ತರ ನನಗೆ ಗೊತ್ತು.

"ಇದು ತುಸು ಸೀದಿದೆ," ಎಂದರು ರಾಯರು. ಅವರ ದನಿ ಇಳಿದಿತ್ತು. "ಕೆಟ್ಟಿಲ್ಲ. ಆದ್ರೆ ಒಣಗಿಸೋದು ಹೆಚ್ಚಾಗಿದೆ. ಯಾರ ಮಾಲು ಅಂತ ನನಗೆ ಗೊತ್ತಿಲ್ಲ."

ಮ್ಯಾನೇಜರು ತಲೆಯ ಮೇಲೆ ಕೈಯಿಟ್ಟು ಕುರ್ಚಿಯಲ್ಲಿ ಕುಸಿದರು. ದೊಡ್ಡಮ್ಮ ಕಿಟಕಿಯತ್ತ ತಿರುಗಿ ಹುಡುಗಿಯನ್ನು ನೋಡಿದಳು. ಮೇಸ್ತ್ರಿ ಮುಂದೆ ಬಂದು ಬಟ್ಟಲಿನ ಕೆಳಗಿದ್ದ ಚೀಟಿಯನ್ನು ತಿರುಗಿಸಿ ನೋಡಿದರು.

"ನನ್ನದೇ," ಎಂದರು. "ನೋಟಿಸು ಕೈಗೆ ಬಂತಲ್ಲ, ಆವತ್ತು ಮಧ್ಯಾಹ್ನದ ಮಾಲು. ಯಂತ್ರದ ಮುಂದೇನೇ ನಿಂತು ಓದ್ತಾ ಇದ್ದೆ. ಓದಿ ತಲೆ ಎತ್ತೋ ಹೊತ್ತಿಗೆ ಎಲೆ ಒಂಚೂರು ಕಪ್ಪಾಗಿತ್ತು. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ." ಅವರು ರಾಯರ ಬೆನ್ನ ಹಿಂದೆ ಹೋಗಿ ಕಣ್ಣುಪಟ್ಟಿಯ ಗಂಟನ್ನು ತಾವೇ ಬಿಚ್ಚಿದರು. "ಸೇಡು ಅಂದ್ಕೊಂಡಿದ್ದು ನನ್ನ ತಪ್ಪು. ಈ ಹೊತ್ತಲ್ಲಿ ಬೇರೆ ಯಾರಾಗಿದ್ರೂ ನನ್ನನ್ನ ಹೊಗಳಿ ಮನೆಗೆ ಹೋಗ್ತಿದ್ರು."

"ನಿಮ್ಮದೇನು ತಪ್ಪು? ತಪ್ಪೆಲ್ಲ ನನ್ನದು," ಎಂದರು ರಾಯರು, ಕಿಟಕಿಯಾಚೆಯವರಿಗೂ ಕೇಳುವಂತೆ. "ನಿಮ್ಮ ಟೀ ನೆಟ್ಟಗಿತ್ತು. ನನ್ನ ಕೆನ್ನೆ ಸೊಟ್ಟಗಿತ್ತು. ಎಲ್ಲರ ಮುಂದೆ ನಿಮ್ಮನ್ನ ಕೆಟ್ಟವರು ಅಂದೆ; ಎಲ್ಲರ ಮುಂದೇನೇ ಕ್ಷಮೆ ಕೇಳ್ತೀನಿ."

ಹಿರಿಯ ರುಚಿಗಾರ್ತಿ ಮ್ಯಾನೇಜರ ಮುಂದೆ ಕೈಚಾಚಿದರು. ಮ್ಯಾನೇಜರು ನೋಟಿಸಿನ ಪ್ರತಿಯನ್ನು ಕೊಟ್ಟರು. ಆಕೆ ಅದನ್ನು ನಾಲ್ಕು ಮಡಿಕೆ ಮಾಡಿ ಉಗುಳುವ ಡಬ್ಬಿಗೆ ಹಾಕಿದರು. ಮೇಸ್ತ್ರಿ ಕಿಟಕಿಯತ್ತ ತಿರುಗಿ ಗದರಿದರು:

"ಏನಮ್ಮಾ, ಹೊರಗಿನವಳ ಹಾಗೆ ಅಲ್ಲೇ ನಿಂತಿದೀಯಲ್ಲ? ಒಳಗೆ ಬಾ. ನಿನ್ನ ಮಾವ ಮಾಡಿದ ಟೀ, ಒಂದು ಲೋಟ ಕುಡಿ. ಸೀದಿರೋದಲ್ಲ, ಒಳ್ಳೇದನ್ನೇ ಕೊಡ್ತೀನಿ."

ಭಾವಮೈದುನನಿಗೆ ಈ ವಿಷಯ ತಿಳಿಸಿದಾಗ ಅವನು ಬಾಟಲಿ ತೆರೆದು ಮತ್ತೊಮ್ಮೆ ಎದೆ ಉಬ್ಬಿಸಿ ಮೂಸಿ, "ನನಗೇನೂ ಬರ್ತಿಲ್ವಲ್ಲ ಭಾವ!" ಎಂದನಂತೆ. ಅವನನ್ನು ನಾನು ಕ್ಷಮಿಸಿದ್ದೇನೆ. ಮೂಗಿಲ್ಲದವನ ತಪ್ಪು ಸಣ್ಣದು. ಮೂಗಿದ್ದೂ ಅದನ್ನು ಊರಿನ ಬಟ್ಟಲುಗಳ ಮೇಲಷ್ಟೇ ಓಡಾಡಿಸಿದವರ ತಪ್ಪು ದೊಡ್ಡದು. ಆ ತಪ್ಪನ್ನು ನಾವೆಲ್ಲರೂ ದಿನಕ್ಕೊಂದರಂತೆ ಮಾಡುತ್ತಿದ್ದೇವೆ.

ಆದಕಾರಣ, ಮಹನೀಯರೇ, ನಾಳೆ ಬೆಳಗ್ಗೆ ಹೊಸ ಬ್ಲೇಡು ಹಾಕಿ. ಗಡ್ಡವನ್ನು ಚೆನ್ನಾಗಿ ನೆನೆಸಿ, ಅವಸರವಿಲ್ಲದೆ ಹೆರೆದು, ನೀರಿನಲ್ಲಿ ತೊಳೆಯಿರಿ. ಚರ್ಮ ಬಿಗಿದರೆ ಸಾದಾ ಕ್ರೀಮು ಒಂದಿಷ್ಟು ಸವರಿ. ಬಿಗಿಯದಿದ್ದರೆ ಅದನ್ನು ಅದರ ಪಾಡಿಗೆ ಬಿಡಿ. ಆಮೇಲೆ ಯಾರ ಕೆಲಸದಲ್ಲಾದರೂ ಕೊರತೆ ಹುಡುಕಲು ಹೊರಡುವ ಮುನ್ನ, ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಮನೆಯವರಲ್ಲಿ ಯಾರನ್ನಾದರೂ ಕರೆದು, ಮುಖವನ್ನು ಅವರತ್ತ ಬಗ್ಗಿಸಿ, ದಯವಿಟ್ಟು ನಿಮ್ಮ ಕೆನ್ನೆಯನ್ನು ಒಮ್ಮೆ ಮೂಸಿ ನೋಡಲು ಹೇಳಿ.